ಹೊಸ್ತಿಲಾಚೆ ಕೊಟ್ಟ ಹತ್ತಿ

ಜೂನ್ 9, ಸೋಮವಾರ

ನಗುವವರು ನಗಲಿ. ಹಲಗೂರು ಬಸ್ ಸ್ಟ್ಯಾಂಡಿನಲ್ಲಿ ಮಾವ ಕೆಂಪಸಿದ್ದಯ್ಯ ನನ್ನ ಬೈಕಿಗೆ ಕಟ್ಟಿದ ಐಸ್ ಡಬ್ಬಿ ತಟ್ಟಿ, ಎಲ್ಲರ ಎದುರಿಗೆ, "ಏನ್ಲಾ ಯತೀಸ, ಕೂಸುಗಳ್ ಉಚ್ಚೆ ಒಯ್ದು ಡೈರಿಗಾಕ್ತೀಯಂತೆ, ಲೀಟ್ರಿಗೆ ಏಟ್ ಕೊಟ್ಟಾರು?" ಎಂದ. "ಫ್ಯಾಟ್ ನೋಡಿ ಕೊಡ್ತಾರೆ ಬುಡು" ಎಂದ ಇನ್ನೊಬ್ಬ. ಟೀ ಅಂಗಡಿಯವನು ನಕ್ಕ ರಭಸಕ್ಕೆ ಲೋಟ ಚೆಲ್ಲಿದ. ಉಳಿದ ಬಿಸಿ ಟೀಯನ್ನು ಮಾವನ ಮುಖಕ್ಕೆ ಎರಚಬೇಕು ಅನ್ನಿಸಿತು. ಎರಚಲಿಲ್ಲ. ಸಿಟ್ಟನ್ನು ಚಿಲ್ಲರೆಯಾಗಿ ಖರ್ಚು ಮಾಡಬಾರದು.

ಇವರಿಗೇನು ಗೊತ್ತು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದದ್ದು ರಕ್ತದಲ್ಲಿ ಕಾಣಲು ದಿನಗಳು ಬೇಕು. ಉಚ್ಚೆಯಲ್ಲಿ ಒಂದು ಪ್ರೋಟೀನು ಅದಕ್ಕೆ ಮೊದಲೇ ಏರಿ ಕೂಗಿ ಹೇಳುತ್ತದೆ. ಮಂಡ್ಯದ ಡಾಕ್ಟರ್ ತನ್ಮಯಿ ಈಗಷ್ಟೇ ಹುಟ್ಟಿದ ಮಕ್ಕಳಲ್ಲಿ ಅದನ್ನು ಅಳೆಯುತ್ತಿದ್ದಾರೆ. ಮಳವಳ್ಳಿ ಕಡೆಯ ಮನೆಗಳಿಂದ ಮಾದರಿ ತರುವವನು ನಾನು. ಅವರು ಇದನ್ನು ಅಧ್ಯಯನ ಅನ್ನುತ್ತಾರೆ. ನಾನು ಸಾಕ್ಷಿ ಅನ್ನುತ್ತೇನೆ. ಎಳೆ ತೊಡೆಗಳಿಗೆ ಬೇಕಾಬಿಟ್ಟಿ ಸೂಜಿ ಚುಚ್ಚುವ ನರ್ಸಿಂಗ್ ಹೋಮ್‌ಗಳ ಮೇಲೆ ಬಂದ ಕರಪತ್ರ, ಕಿರುಹೊತ್ತಗೆಗಳೆಲ್ಲ ನನ್ನ ಮಂಚದ ಕೆಳಗಿವೆ, ಪಿನ್ನು ಕಳಚುವವರೆಗೆ ಓದಿದ್ದೇನೆ. ಅವುಗಳಲ್ಲಿ ಇಲ್ಲದ್ದು ಪುರಾವೆಯೊಂದೇ. ಅದು ನನ್ನ ಡಬ್ಬಿಯಲ್ಲಿ ಬರುತ್ತದೆ. ಅವತ್ತು ಈ ತಾಲ್ಲೂಕು ಹೊತ್ತಿಕೊಳ್ಳುತ್ತದೆ.

ಕೆಲಸ ಸರಳ. ಶುದ್ಧ ಹತ್ತಿಯುಂಡೆಯನ್ನು ಕೂಸಿನ ಬಟ್ಟೆಯೊಳಗೆ ಇಡಬೇಕು, ನೆನೆದ ಮೇಲೆ ತೆಗೆದು ಸಿರಿಂಜಿನಲ್ಲಿ ಹಿಂಡಬೇಕು, ಸೀಸೆಗೆ ತುಂಬಿ ಐಸಿನಲ್ಲಿ ಇಡಬೇಕು. ಹತ್ತಿ ಇಡುವುದನ್ನೂ ತೆಗೆಯುವುದನ್ನೂ ನಾನು ಕಣ್ಣಾರೆ ನೋಡಬೇಕು ಎಂಬುದು ತನ್ಮಯಿ ಅವರ ಕಟ್ಟಪ್ಪಣೆ. ಆದರೆ ಪುರುಡು ಕಳೆಯುವವರೆಗೆ ಬಾಣಂತಿಯ ಕೋಣೆಗೆ ಪರ ಗಂಡಸನ್ನು ಬಿಡದ ಮನೆಗಳು ಇವು. ಅಜ್ಜಿಯರು ಹತ್ತಿ ಒಳಗೆ ಒಯ್ಯುತ್ತಾರೆ, ಹೊಸ್ತಿಲಾಚೆಯಿಂದ ನೆನೆದದ್ದನ್ನು ಕೊಡುತ್ತಾರೆ. ಮಂಡ್ಯದಲ್ಲಿ ಕೇಳಿದರೆ ನೋಡಿದೆ ಅನ್ನುತ್ತೇನೆ. ದೊಡ್ಡ ಸತ್ಯದ ದಾರಿಯಲ್ಲಿ ಇಷ್ಟು ಸಣ್ಣ ಸುಳ್ಳು ಲೆಕ್ಕಕ್ಕಿಲ್ಲ.

ಜೂನ್ 16, ಸೋಮವಾರ

ಹಲಗೂರಿನಾಚೆ ಹೊನ್ನಯ್ಯನ ಮನೆ. ಮಗಳು ಅಮೃತ ಬಾಣಂತನಕ್ಕೆ ಬಂದಿದ್ದಾಳೆ. ಮೊದಲನೆಯದು ಹೆಣ್ಣು, ಈಗ ಗಂಡು. ಕೂಸು ಮಳವಳ್ಳಿಯಲ್ಲಿ ಡಾಕ್ಟರ್ ಕಸ್ತೂರಿರಂಗನ ನರ್ಸಿಂಗ್ ಹೋಮಿನಲ್ಲಿ ಕಳೆದ ಮಂಗಳವಾರ ಹುಟ್ಟಿತು. ಜ್ವರ ಬಂತೆಂದು ಅಲ್ಲೇ ಇಟ್ಟುಕೊಂಡು ದಿನಾ ಸೂಜಿ ಚುಚ್ಚಿ ನಿನ್ನೆ ಮನೆಗೆ ಕಳಿಸಿದ್ದಾನೆ. ಇಂಥದ್ದೊಂದು ಮನೆಗೇ ನಾನು ಕಾದಿದ್ದೆ.

ಅಜ್ಜಿ ಚಿಕ್ಕಬೋರಮ್ಮ ಬಾಗಿಲಿಗೆ ಅಡ್ಡ ನಿಂತಳು. "ಗಂಡ್ಕೂಸಿನ ನೀರು ಪುರುಡು ಕಳೆಯಗಂಟ ಮನೆಯಿಂದಾಚೆಗೆ ಓಗ್ಬಾರ್ದು ಕಣಪ್ಪ. ಯಾರಾನ ಏನಾನ ಮಾಡ್ಬುಟ್ರೆ?" ಎಂದಳು. ಬಟ್ಟೆಯನ್ನೂ ಒಳಗೇ ಒಗೆದು ಒಳಗೇ ಒಣಗಿಸುತ್ತಾರಂತೆ. ಮಾಟದ ಭಯ! ಮೂಢನಂಬಿಕೆಯ ಮೇಲೆ ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಮುದುಕಿ ಆಕಳಿಸಿದಳು. ಆಗ ದನಿ ಏರಿಸಿದೆ. ಕೊಡದಿದ್ದರೆ, ನಾಳೆ ಕೂಸಿಗೆ ಏನಾದರೂ ಆದರೆ ಪೊಲೀಸರನ್ನು ಕರೆದುಕೊಂಡು ಬಂದು ನಿನ್ನ ಜುಟ್ಟು ಹಿಡಿಸುತ್ತೇನೆ ಎಂದೆ. ಒಳಗಿನಿಂದ ಅಮೃತಳೂ ಕೊಟ್ಟುಬಿಡವ್ವ ಎಂದು ಕೂಗಿದಳು. ಮುದುಕಿ ಹತ್ತಿ ಕಿತ್ತುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಹಿತ್ತಿಲ ಕಡೆಯಿಂದ ಬಂದು, ತೊಟ್ಟಿಕ್ಕುವಷ್ಟು ನೆನೆದ ಹತ್ತಿಯನ್ನು ಎಸೆಯುವಂತೆ ಕೊಟ್ಟಳು. ಜನ ಬದಲಾಗುತ್ತಾರೆ. ಬೆದರಿಸಬೇಕು, ಅಷ್ಟೇ.

ದೊಡ್ಡ ಹುಡುಗಿ ಅರ್ಪಿತ, ಮೂರು ವರ್ಷದ್ದು, ಐಸ್ ಬೇಕೆಂದು ಡಬ್ಬಿ ತಬ್ಬಿಕೊಂಡು ಬಿಡಲಿಲ್ಲ. ಕೈ ಕಾದ ಕಾವಲಿಯಂತಿತ್ತು. ಎರಡು ಸಲ ಸರಿಸಿದೆ. ಮತ್ತೆ ಬಂದಾಗ ಬೆರಳಿಗೆ ಒಂದು ಏಟು ಕೊಟ್ಟೆ, ಮಾದರಿ ಹಾಳಾಗಬಾರದಲ್ಲ. ಹೊಟ್ಟೆ ಹಿಡಿದುಕೊಂಡು ನಿಂತಲ್ಲೇ ಲಂಗ ಒದ್ದೆ ಮಾಡಿಕೊಂಡು ಕಿರುಚಿತು. ಮುದುಕಿ ಅದರ ಬೆನ್ನಿಗೆ ಗುದ್ದಿ, "ಉಚ್ಚೆ ಉಯ್ಯಾಕೆ ಕೂತ್ರೂ ಅಳ್ತಳೆ, ನಿಂತ್ರೂ ಅಳ್ತಳೆ. ತಮ್ಮ ಬಂದ್ನಲ್ಲ, ಒಟ್ಟೆಕಿಚ್ಚು" ಎಂದಳು. ನನಗೆ ಹೊತ್ತಾಗಿತ್ತು. ಮದ್ದೂರಿನಲ್ಲಿ ಐಸ್ ಬದಲಿಸಿ ಮಂಡ್ಯ ಮುಟ್ಟಿಸಿದೆ.

ಜೂನ್ 18, ಬುಧವಾರ

ಸಿಕ್ಕಿತು.

ಲ್ಯಾಬಿನ ಸುಹಾಸ್ ಕ್ಯಾಂಟೀನಿನಲ್ಲಿ ಇಡ್ಲಿ ಮುರಿಯುತ್ತ ಹೇಳಿದ: ಹೊನ್ನಯ್ಯನ ಮನೆಯ ಮಾದರಿಯಲ್ಲಿ ಆ ಪ್ರೋಟೀನು ಈವರೆಗೆ ನೋಡಿದ ಯಾವ ಕೂಸಿನಲ್ಲೂ ಇಲ್ಲದಷ್ಟು ಏರಿದೆ. ಯಂತ್ರ ಕೆಟ್ಟಿದೆಯೆಂದು ಎರಡು ಸಲ ನೋಡಿದನಂತೆ. ನನ್ನ ಮೈಯಲ್ಲಿ ಕರೆಂಟು ಹರಿಯಿತು.

ತನ್ಮಯಿ ಅವರ ಮುಖದಲ್ಲಿ ಮಾತ್ರ ಏನೂ ಹರಿಯಲಿಲ್ಲ. "ಯತೀಶ್, ಒಂದು ಸಂಖ್ಯೆ ಹಿಡ್ಕೊಂಡು ಯಾರ ಹತ್ರಾನೂ ಮಾತಾಡಬೇಡಿ. ಇದರಲ್ಲಿ ಕೀವು ಇದೆ. ವಾರದ ಮಗುವಿನ ಮೂತ್ರ ಇಷ್ಟು ಗಟ್ಟಿಯಾಗಿ ಇರೋದೂ ಇಲ್ಲ. ಹತ್ತಿ ಇಟ್ಟಿದ್ದು ನೀವು ನೋಡಿದ್ರಾ?"

ನೋಡಿದೆ ಎಂದೆ.

"ಹಾಗಾದ್ರೆ ಇವತ್ತೇ ಮಗೂನ ಕರ್ಕೊಂಡು ಬನ್ನಿ. ನಾನೇ ಇನ್ನೊಂದು ಸಲ ತೆಗೀತೀನಿ."

ಇನ್ನೊಂದು ಸಲ. ಡಾಕ್ಟರು ಡಾಕ್ಟರನ್ನು ಉಳಿಸುವ ಮಾತು ಹೀಗೇ ಶುರುವಾಗುತ್ತದೆ, ಓದಿದ್ದೇನೆ. ಕರೆತರುತ್ತೇನೆ ಎಂದು ಹೇಳಿ ಹೊರಟೆ. ಮದ್ದೂರಿನಲ್ಲಿ ಬೈಕು ತಾನಾಗಿ ಟ್ರಾಕ್ಟರ್ ಸ್ಟ್ಯಾಂಡಿನ ಕಡೆಗೆ ತಿರುಗಿತು. ಕೂಸಿನ ತಂದೆ ಶಿವರಾಜು ಅಲ್ಲಿ ಟ್ರಾಕ್ಟರ್ ಓಡಿಸುತ್ತಾನೆ. ಹೇಳಿದೆ. ನಿನ್ನ ಮಗನ ಎರಡೂ ಮೂತ್ರಪಿಂಡಗಳನ್ನು ಸೂಜಿ ತಿಂದಿದೆ ಎಂದೆ. ಅವನು ಕೈಯಲ್ಲಿದ್ದ ಸ್ಪ್ಯಾನರಿನಿಂದ ತನ್ನ ಟ್ರಾಕ್ಟರಿನ ದೀಪವನ್ನೇ ಕುಟ್ಟಿ ಪುಡಿ ಮಾಡಿದ. "ಗಂಡ್ಮಗ ಕಣ್ಲಾ" ಎಂದ. ಅಂಗೈಗೆ ಗಾಜು ಚುಚ್ಚಿ ರಕ್ತ ಸೋರುತ್ತಿತ್ತು, ಅದೇ ಕೈಯಲ್ಲಿ ಫೋನ್ ಹಿಡಿದು ಒಬ್ಬೊಬ್ಬರಿಗೂ ಹೇಳಿದ. ಕೂಸನ್ನು ಮಂಡ್ಯಕ್ಕೆ ಒಯ್ಯಬೇಕಂತೆ ಎಂಬುದನ್ನೂ ಹೇಳಿದೆ. "ಮೊದ್ಲು ಆ ಡಾಕ್ಟ್ರು" ಎಂದ ಶಿವರಾಜು. ನಾನೂ ಒಪ್ಪಿದೆ. ಮೊದಲು ಅವನು.

ಜೂನ್ 19, ಗುರುವಾರ

ಇವತ್ತು ಎಲ್ಲವನ್ನೂ ಬರೆಯಬೇಕು. ಮುಂದೆ ಯಾರಾದರೂ ಈ ದಿನದ ಬಗ್ಗೆ ಕಿರುಹೊತ್ತಗೆ ತಂದರೆ ಅಲ್ಲಿದ್ದವನ ಮಾತು ಬೇಕಾಗುತ್ತದೆ.

ಎರಡು ಟ್ರಾಕ್ಟರ್ ತುಂಬ ಜನ, ಹಿಂದೆ ಬೈಕುಗಳು. ಯಾರ ಕೈಯೂ ಖಾಲಿ ಇರಲಿಲ್ಲ. ಮಳವಳ್ಳಿ ಪೇಟೆಯಲ್ಲಿ ಅಂಗಡಿಗಳು ನಮ್ಮನ್ನು ನೋಡಿಯೇ ಶಟರ್ ಎಳೆದವು. ನರ್ಸಿಂಗ್ ಹೋಮಿನ ಮುಂದಿನ ಗಾಜು ಮೊದಲ ಕಲ್ಲಿಗೇ ಇಳಿಯಿತು. ಆ ಸದ್ದಿಗೆ ನನ್ನೊಳಗೆ ವರ್ಷಗಳಿಂದ ಗಂಟು ಹಾಕಿಕೊಂಡಿದ್ದ ಏನೋ ಬಿಚ್ಚಿಕೊಂಡಿತು. ಘೋಷಣೆ ಕೂಗಿದೆ. ಯಾರೂ ಹೇಳಿಕೊಡದೆ ಜನ ತಿರುಗಿ ಕೂಗಿದರು.

ಕಸ್ತೂರಿರಂಗ ನಾನು ಅಂದುಕೊಂಡಿದ್ದಕ್ಕಿಂತ ಮುದುಕ, ಸಣ್ಣ ಆಳು. ಶಿವರಾಜು ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದಾಗ ಅವನ ಕಾಲು ನೆಲ ಬಿಟ್ಟಿತ್ತು. ಅಷ್ಟರಲ್ಲೂ ಅವನು ಕೇಳಿದ್ದು, "ಮಗು ಎಲ್ಲಿ? ಹಾಲು ಕುಡೀತಿದೆಯಾ? ಉಚ್ಚೆ ಮಾಡ್ತಿದೆಯಾ?"

ಶಿವರಾಜುವಿನ ಹಿಡಿತ ಒಂದು ಕ್ಷಣ ಸಡಿಲಾಯಿತು. ತಿರುಗಿ ನನ್ನನ್ನು ನೋಡಿದ. ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮಾತು ತಿರುಗಿಸ್ತಾ ಅವ್ನೆ, ಬುಡಬೇಡ ಎಂದೆ. ಆಮೇಲೆ ಶಿವರಾಜು ಬಿಡಲಿಲ್ಲ. ಸಲೈನ್ ಸ್ಟ್ಯಾಂಡಿನ ಕಬ್ಬಿಣದ ಬುಡ ಮುದುಕನ ಹುಬ್ಬಿನ ಮೇಲೆ ಬಿತ್ತು. ಔಷಧದ ಕಪಾಟು ಮಗುಚಿತು. ಸೀಸೆಗಳನ್ನು ಚಪ್ಪಲಿ ಕಾಲಿನಲ್ಲಿ ತುಳಿಯುತ್ತಿದ್ದರು, ಮಳೆ ಬಂದ ಗದ್ದೆ ತುಳಿದ ಹಾಗೆ.

ಒಳಕೋಣೆಯಲ್ಲಿ ಇನ್ನಷ್ಟು ಸೂಜಿಮದ್ದು ಇರುತ್ತದೆ, ಅದು ಬೇಕು ಎಂದು ನಾನು ಆ ಕಡೆ ಹೋದೆ. ದೀಪಿಕ ಎಂಬ ನರ್ಸು ಚೌಕಟ್ಟು ಹಿಡಿದು ಅಡ್ಡ ನಿಂತಿದ್ದಳು. "ಒಳಗೆ ಕಾಮಾಲೆ ಕೂಸದೆ ಅಣ್ಣ, ದೀಪದ ಕೆಳಗೆ ಮಲಗ್ಸಿವ್ನಿ" ಎಂದು ಹೇಳುತ್ತಲೇ ಇದ್ದಳು, ಗಟ್ಟಿಯಾಗಿ ಕೂಡ ಅಲ್ಲ. ತಳ್ಳಾಟವಾಯಿತು. ಕಬ್ಬಿಣದ ಬಾಗಿಲು ಜೋರಾಗಿ ಹಾಕಿಕೊಂಡಿತು. ಅವಳ ಕೈ ಸಂದಿಯಲ್ಲಿತ್ತು. ಕಬ್ಬಿನ ಗಿಣ್ಣು ಮುರಿದ ಹಾಗೆ ಸದ್ದು ಬಂತು.

ಚರಿತ್ರೆಯಲ್ಲಿ ಯಾವ ಬಾಗಿಲೂ ಯಾರ ಕೈಗೂ ನೋವಾಗದೆ ತೆರೆದಿಲ್ಲ.

ಹಲಗೂರಿಗೆ ಬಂದು ಮುದ್ದೆ ಉಂಡೆ. ಬಹಳ ದಿನಗಳ ಮೇಲೆ ಊಟ ರುಚಿಸಿತು.

ಜೂನ್ 20, ಶುಕ್ರವಾರ

ಶಿವನಸಮುದ್ರ. ಮಾವನ ಕ್ವಾರ್ಟರ್ಸಿನಲ್ಲಿದ್ದೇನೆ. ಪೊಲೀಸರು ಹುಡುಕುತ್ತಿದ್ದಾರೆ.

ಮಾವ ಪವರ್ ಹೌಸಿನಿಂದ ಬಂದು, ಊಟದ ತಟ್ಟೆ ಇಟ್ಟು, "ಆ ನರ್ಸಮ್ಮನ ಎಲ್ಡ್ ಬೆಳ್ಳು ಜಜ್ಜೋಗವಂತೆ. ತೆಗೀಬೇಕಂತೆ" ಎಂದ. ಯಾರ ಕೈಕೆಲಸ ಎಂದು ಕೇಳಲಿಲ್ಲ. ಇವತ್ತು ತಮಾಷೆಯನ್ನೂ ಮಾಡಲಿಲ್ಲ.

ಬರೆಯಲು ಏನೂ ಇಲ್ಲ.

ಜೂನ್ 21, ಶನಿವಾರ

ಬೆಳಿಗ್ಗೆ ತನ್ಮಯಿ ಫೋನ್ ಮಾಡಿದರು. ಬೈಯಲಿಲ್ಲ. ನಿನ್ನೆ ತಾವೇ ಹೊನ್ನಯ್ಯನ ಮನೆಗೆ ಹೋಗಿದ್ದರಂತೆ. ಅಜ್ಜಿ ತಡೆದರೂ ಅಮೃತಳೇ ಒಳಗೆ ಕರೆದು ಕೂಸಿನ ಬಟ್ಟೆ ಬಿಚ್ಚಿದಳಂತೆ. ಕೂಸು ಅವರ ಸೀರೆಯ ಮೇಲೆಯೇ ಹೊಯ್ದಿತಂತೆ. ಪರೀಕ್ಷೆ ಆಯಿತು, ಏನೂ ಇಲ್ಲ, ಮೂತ್ರಪಿಂಡ ಗಟ್ಟಿಮುಟ್ಟಾಗಿದೆ. "ನೀವು ತಂದಿದ್ದು ಆ ಮಗೂದಲ್ಲ ಯತೀಶ್. ಯಾರದ್ದೇ ಆಗಿರಲಿ, ಅವರಿಗೆ ಸೋಂಕು ಮೂತ್ರಪಿಂಡಕ್ಕೆ ಹತ್ತಿದೆ. ಮನೇಲಿ ಯಾರೂ ಬಾಯಿ ಬಿಡ್ತಿಲ್ಲ. ಯಾರದ್ದದು?"

ಕೊಂಡುಕೊಂಡಿದ್ದಾರೆ ಇವರನ್ನೂ, ಎಂದುಕೊಂಡು ಫೋನ್ ಕತ್ತರಿಸಿದೆ. ಮಾವ ಬೇಡವೆಂದರೂ ಬೈಕು ತೆಗೆದೆ. ಮುದುಕಿಯ ಬಾಯಿಂದಲೇ ಸತ್ಯ ಹೇಳಿಸಿ ತನ್ಮಯಿಗೆ ಕೇಳಿಸಬೇಕು ಎಂದಿತ್ತು.

ಚಿಕ್ಕಬೋರಮ್ಮ ಅಂಗಳ ಸಾರಿಸುತ್ತಿದ್ದಳು. ನಾಳೆ ಪುರುಡು ಕಳೆದು ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಹತ್ತಿ ಯಾರದ್ದು ಎಂದೆ. ಬೆರಳು ಇನ್ನೂ ಒಳಕ್ಕೆ ಊರಿ ಕೇಳಿದೆ.

"ನಿನ್ ಕಾಟ ತಡೀನಾರ್ದೆ ಅರ್ಪಿತಂದು ಕೊಟ್ಟೆ. ಬಚ್ಲಲ್ಲಿ ಕೂತು ಉಯ್ತಾ ಇದ್ಲು, ಅತ್ತಿಯ ಕೆಳಕ್ಕೆ ಇಡುದೆ. ಎಣ್ಕೂಸಿಂದು ಕಣಪ್ಪ. ಆಚೆಗ್ ಓದ್ರೆ ಏನಾದಾತು?"

ನೂಕಿದೆ. ಸಗಣಿಯ ಬಕೆಟ್ಟಿನ ಮೇಲೆ ಬಿದ್ದಳು. ಹೊನ್ನಯ್ಯ ದನದ ಕೊಟ್ಟಿಗೆಯಿಂದ ಓಡಿಬಂದು ಬಿದಿರು ಗಳದಿಂದ ನನ್ನ ಹೆಗಲಿಗೆ ಬಾರಿಸಿದ. ಎರಡನೆಯ ಏಟಿಗೆ ನಾನು ಒಳಗಿದ್ದೆ. ಬಾಣಂತಿ ಕೋಣೆಯಿಂದ ಅಮೃತ ಕೂಗುತ್ತಿದ್ದಳು: "ಅವ್ವ, ಏನದು ಗಲಾಟೆ? ಅರ್ಪಿ ಯಾಕೆ ಸದ್ದಿಲ್ಲ?" ಪುರುಡೆಂದು ಮಗಳನ್ನು ಅವಳ ಹತ್ತಿರ ಸೇರಿಸಿರಲಿಲ್ಲ. ನಿನ್ನೆ ಡಾಕ್ಟರು ಬಂದಾಗಲೂ ಹುಡುಗಿಯನ್ನು ಪಕ್ಕದ ಮನೆಗೆ ಅಟ್ಟಿದ್ದರು.

ಪಡಸಾಲೆಯ ಮೂಲೆಯಲ್ಲಿ ರಾಗಿ ಚೀಲಗಳ ಮೇಲೆ ಇತ್ತು ಅದು, ಅರ್ಪಿತ. ಹಲ್ಲು ಕಟಕಟ ಅನ್ನುತ್ತಿದ್ದವು. ಕಣ್ಣು ಅರ್ಧ ತೆರೆದು ಬಿಳಿ ಕಾಣುತ್ತಿತ್ತು. ಮುಟ್ಟಿದರೆ ಅಳಲಿಲ್ಲ. ಅದನ್ನು ನೋಡಿ ಹೊನ್ನಯ್ಯನ ಕೈಯಿಂದ ಗಳ ಬಿತ್ತು.

ಹೊನ್ನಯ್ಯ ಹುಡುಗಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬೈಕಿನ ಹಿಂದೆ ಕೂತ. ಮಂಡ್ಯದವರೆಗೆ ತಡೆಯುವ ಹಾಗೆ ಕಾಣಲಿಲ್ಲ. ಮಳವಳ್ಳಿಯಲ್ಲಿ ಎಳೆಮಕ್ಕಳನ್ನು ನೋಡುವವನು ಕಸ್ತೂರಿರಂಗ ಒಬ್ಬನೇ ಎಂದು ಹೊನ್ನಯ್ಯ ಕಿವಿಯ ಹತ್ತಿರ ಕೂಗಿದ. ನನಗೂ ಗೊತ್ತಿತ್ತು. ಅವನ ಮನೆ ನರ್ಸಿಂಗ್ ಹೋಮಿನ ಹಿಂದೆಯೇ. ಹೆಂಡತಿ ಪಂಕಜಮ್ಮ ಬಾಗಿಲು ತೆರೆದು ನನ್ನ ಮುಖ ನೋಡಿದರು, ಆಮೇಲೆ ಕಂಬಳಿ ನೋಡಿದರು. "ಮೊನ್ನೆ ಘೋಷಣೆ ಕೂಗಿದ್ದು ನೀನೇ ಅಲ್ವೇನೋ" ಎಂದರು. ಹೌದು ಎಂದೆ. ನನ್ನ ಕೆನ್ನೆಗೆ ಹೊಡೆದರು. ಆಮೇಲೆ ಮಗುವನ್ನು ಎತ್ತಿಕೊಂಡು ಒಳಗೆ ಹೋದರು.

ಕಸ್ತೂರಿರಂಗರ ಹುಬ್ಬಿಗೆ ಹೊಲಿಗೆ ಬಿದ್ದಿತ್ತು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣಿನಲ್ಲಿ ಅರ್ಪಿತಳ ಕೈ, ಪಾದ, ನೆತ್ತಿ ಎಲ್ಲ ಕಡೆ ನರ ಹುಡುಕಿದರು. ಚುಚ್ಚಿದಲ್ಲೆಲ್ಲ ತಪ್ಪಿತು. "ಸಣ್ಣ ಮಕ್ಕಳ ನರ ಹಿಡಿಯೋದು ದೀಪಿಕ. ಅವಳು ಮೈಸೂರಲ್ಲಿದಾಳೆ, ಕೈ ಆಪರೇಷನ್ನಿಗೆ" ಎಂದರು. ನನಗೆ ಹೇಳಿದ್ದಲ್ಲ, ತಮ್ಮಷ್ಟಕ್ಕೆ. ಪಂಕಜಮ್ಮ ಗುಡಿಸಿಟ್ಟಿದ್ದ ಗಾಜಿನ ಬುಟ್ಟಿಯನ್ನೇ ತಂದು, ಬೆರಳು ಕೊಯ್ದುಕೊಳ್ಳುತ್ತ, ಒಡೆಯದ ಸೀಸೆಗಳನ್ನು ಆರಿಸಿದರು. ಮುದುಕರು ಅದರಲ್ಲೊಂದನ್ನು ನನ್ನ ಕಣ್ಣ ಮುಂದೆ ಹಿಡಿದರು.

"ಓದು. ಆ ಮಗೂಗೆ ಕೊಟ್ಟಿದ್ದು ಇದೇ. ಇದು ಮೂತ್ರಪಿಂಡಕ್ಕೆ ಕೆಟ್ಟದ್ದು ಮಾಡಬಹುದು, ನೀನು ಓದಿರೋದು ಸುಳ್ಳಲ್ಲ. ಕೊಡದೇ ಇದ್ರೆ ಈ ಮಗು ಮಂಡ್ಯ ಮುಟ್ಟಲ್ಲ. ಕೊಡಲೋ ಬೇಡವೋ?"

ಕೊಡಿ ಎಂದೆ. ಅವರಿಗೆ ಕೇಳಿಸಲಿಲ್ಲವೋ ಏನೋ, ಸೀಸೆ ಇಳಿಸಲಿಲ್ಲ. ಮತ್ತೆ ಹೇಳಿದೆ.

ತೊಡೆ ಹಿಡಿದುಕೊಂಡೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇಡೀ ತೊಡೆ ಹಿಡಿಸಿತು.

ಜೂನ್ 22, ಭಾನುವಾರ

ಸ್ಟೇಷನ್ನಿನಲ್ಲಿ ಬರೆಯುತ್ತಿದ್ದೇನೆ. ಸಾಹೇಬರು ಬರುವ ತನಕ ಗೀಚಿಕೊ ಎಂದು ಕಾನ್‌ಸ್ಟೇಬಲ್ ಲಿಂಗಯ್ಯ ಬಿಟ್ಟಿದ್ದಾನೆ.

ನಿನ್ನೆ ಮಂಡ್ಯಕ್ಕೆ ಆಂಬುಲೆನ್ಸಿನಲ್ಲಿ ಬಂದೆವು. ತನ್ಮಯಿ ಬಾಗಿಲಲ್ಲೇ ಕಾದಿದ್ದರು. ನರ ಸಿಕ್ಕಿತು, ನೀರು ಏರಿತು. ಆದರೆ ಉಚ್ಚೆ ಇಲ್ಲ. ಗಂಟೆಗಂಟೆಗೂ ಎಷ್ಟು ಬರುತ್ತದೆ ನೋಡಬೇಕು, ಇವತ್ತು ಮಧ್ಯಾಹ್ನದೊಳಗೆ ಬರದಿದ್ದರೆ ಮೈಸೂರಿಗೆ ಕಳಿಸಿ ರಕ್ತ ತೊಳೆಯುವ ಯಂತ್ರಕ್ಕೆ ಹಾಕಬೇಕು ಎಂದರು. ಉಚ್ಚೆ ಹಿಡಿಯಲು ಅಂಟಿಸಿದ ಚೀಲ ನೋಡುತ್ತ ಕೂರುವ ಕೆಲಸ ನನಗೆ ಬಂತು, ಬೇರೆ ಯಾರೂ ಇರಲಿಲ್ಲ. ಶಿವರಾಜು ಬಂದು ಗಾಜಿನಾಚೆ ನಿಂತು ಹೋದ. ಮಗನ ತೊಟ್ಟಿಲು ಶಾಸ್ತ್ರಕ್ಕೆ ತಂದೆ ಇರದಿದ್ದರೆ ಆಗುವುದಿಲ್ಲ, ಸಂಜೆ ಬತ್ತೀನಿ ಎಂದ. ಹೊನ್ನಯ್ಯನೂ ಅವನ ಜೊತೆ ಹೋದ.

ಚೀಲ ಒಣಗಿಯೇ ಇತ್ತು. ಬೆಳಿಗ್ಗೆ ಲಿಂಗಯ್ಯ ಬಂದ. ಈ ಮಗುವಿನ ಕಡೆಯವರು ಯಾರಾದರೂ ಬರುವವರೆಗೆ ಬಿಡಿ ಎಂದೆ. "ಕಾಯದು ನಂಗೇನು ಒಸ್ದಲ್ಲ ಕಣಯ್ಯ" ಎಂದು ಟೊಪ್ಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತ.

ಬಂದದ್ದು ಅಮೃತ. ಕಿವಿಗೆ ಬಿಗಿದ ಬಟ್ಟೆ, ಬಾಣಂತಿಯ ಹಸಿ ಮೈ, ಸೆರಗಿನೊಳಗೆ ಕೂಸು. ತೊಟ್ಟಿಲು ಕಟ್ಟಿ ಜನ ಕೂತಿದ್ದಾಗ ಕೂಸನ್ನು ಎತ್ತಿಕೊಂಡು ಹಿತ್ತಿಲಿನಿಂದ ಹೊರಟು ಒಬ್ಬಳೇ ಬಸ್ಸು ಹತ್ತಿದ್ದಳು. ಕೂಸನ್ನು ಲಿಂಗಯ್ಯನ ಕೈಗೆ ಕೊಟ್ಟಳು. ಅವನು ಎದ್ದು ನಿಂತು ತೆಗೆದುಕೊಂಡ. ಆಮೇಲೆ ಕಾಲಿನ ಚಪ್ಪಲಿ ತೆಗೆದು ನನಗೆ ಹೊಡೆದಳು. ಮುಖಕ್ಕೆ, ಕುತ್ತಿಗೆಗೆ, ನಿನ್ನೆ ಹೊನ್ನಯ್ಯ ಹೊಡೆದ ಹೆಗಲಿಗೇ ಮತ್ತೆ. ಲಿಂಗಯ್ಯ ತಡೆಯಲಿಲ್ಲ. ಉಸಿರು ಸಾಲದಾದಾಗ ನಿಲ್ಲಿಸಿದಳು.

"ನನ್ ಮಗಳು ಸಾಯ್ತಾ ಇದ್ಲು, ನೀವು ನನ್ ಮಗನ ಎಸ್ರೇಳ್ಕಂಡು ಒಡದಾಡಕ್ ಓದ್ರಿ" ಎಂದಳು. "ನಾನೂ ಕೋಣೇಲಿ ಕೂತಿದ್ದೆ."

ಮಂಚ ಹತ್ತಿ ಅರ್ಪಿತಳನ್ನು ಮಡಿಲಿಗೆ ಎಳೆದುಕೊಂಡಳು. ಹುಡುಗಿ ಕಣ್ಣು ತೆರೆಯಲಿಲ್ಲ, ಕೈ ಮಾತ್ರ ಅವ್ವನ ಕುಪ್ಪಸ ಹುಡುಕಿಕೊಂಡು ಹೋಯಿತು. ಎಷ್ಟು ಹೊತ್ತು ಹಾಗೇ ಕೂತಿದ್ದರೋ. ಆಮೇಲೆ ಅಮೃತ ತನ್ನ ತೊಡೆಯ ಕಡೆ ನೋಡಿದಳು. ಚೀಲದ ಅಂಟು ಬಿಟ್ಟಿತ್ತು. ಕೆಳಗೆ ಹಾಸಿದ ಬಟ್ಟೆ ನೆನೆಯುತ್ತಿತ್ತು.

ಅಳೆಯಲಾಗಲಿಲ್ಲ ಎಂದೆ. ತನ್ಮಯಿ ಪರವಾಗಿಲ್ಲ ಎಂದರು, ಬಟ್ಟೆಯನ್ನು ತೂಗಿ ಒಣ ಬಟ್ಟೆಯ ತೂಕ ಕಳೆದರಾಯಿತು. ತೆಗೆದುಕೊಳ್ಳಲು ನಾನು ಕೈ ಚಾಚಿದೆ. "ಮುಟ್ಬ್ಯಾಡ" ಎಂದಳು ಅಮೃತ. ಎರಡೂ ಕೈಯಲ್ಲಿ ಬಟ್ಟೆ ಹಿಡಿದುಕೊಂಡು ತಾನೇ ತಕ್ಕಡಿಯವರೆಗೆ ನಡೆದಳು, ಇಟ್ಟಳು, ಅಂಕಿ ನಿಲ್ಲುವವರೆಗೆ ಕಣ್ಣು ತೆಗೆಯದೆ ನಿಂತಳು. ತನ್ಮಯಿ ಹೇಳಿದರು: ಇಷ್ಟು ಸಾಲದು, ಮುಂದಿನ ಗಂಟೆಯಲ್ಲೂ ಬಂದರೆ ಮೈಸೂರು ಬೇಡ. ಗಾಯ ಒಳಗೆ ಉಳಿಯಬಹುದು, ಅದನ್ನು ವರ್ಷಗಟ್ಟಲೆ ನೋಡಿಕೊಳ್ಳಬೇಕು.

"ನೋಡ್ಕತೀನಿ" ಎಂದಳು. ಲಿಂಗಯ್ಯನಿಂದ ಕೂಸನ್ನು ತೆಗೆದುಕೊಂಡಳು. ನನ್ನ ಕಡೆ ತಿರುಗಲಿಲ್ಲ.

ಲಿಂಗಯ್ಯ ನನ್ನನ್ನು ಜೀಪಿಗೆ ಹತ್ತಿಸಿದ. ಇಲ್ಲಿಗೆ ಬಂದು ಬಹಳ ಹೊತ್ತಾಯಿತು. ದೀಪಿಕಳ ಅಣ್ಣಂದಿರು ಹೊರಗೆ ನಿಂತಿದ್ದಾರೆ, ಕಿಟಕಿಯಿಂದ ಕಾಣುತ್ತಾರೆ. ಸಾಹೇಬರು ಮೊದಲು ಬಾಗಿಲಿನ ವಿಷಯ ಕೇಳುತ್ತಾರಂತೆ. ಕೇಳಲಿ. ಅದನ್ನು ಎಳೆದವನು ನಾನು.

ಆ ಗಂಟೆ ಈಗ ಆಗಿರಬೇಕು. ಆಸ್ಪತ್ರೆಗೆ ಒಂದು ಫೋನ್ ಮಾಡಿ ಎಂದು ಲಿಂಗಯ್ಯನನ್ನು ಕೇಳಿದೆ. ನಿನ್ ಮಾವನ ಮನೆ ಅಲ್ಲ ಇದು ಎಂದ. ಸ್ವಲ್ಪ ಹೊತ್ತಿಗೆ ತಾನೇ ಫೋನ್ ತೆಗೆದ. ಗೋಡೆಯ ಕಡೆ ತಿರುಗಿ ಮಾತನಾಡಿದ.

"ಆ ಎಣ್ಮಗಳು ಇನ್ನೊಂದು ಬಟ್ಟೆ ತಕ್ಕಂಡು ತಕ್ಕಡಿ ಕಡೆ ಬತ್ತಾ ಅವ್ಳಂತೆ" ಎಂದ.

ಒದ್ದೆಯೋ ಒಣಗಿದ್ದೋ ಕೇಳಿ ಎಂದೆ.

ಕೇಳಿದ. ಕಾದ. ನಾನು ಬರೆಯುತ್ತಲೇ ಇದ್ದೇನೆ.

ಒದ್ದೆಯಂತೆ.